ಅಂಚಿನಲ್ಲಿ ಬರೆದಿದ್ದ ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ.

ಪತ್ತೇದಾರಿ ಕಾದಂಬರಿ ಓದುವವರಿಗೆ ಮಾಡಬಹುದಾದ ದೊಡ್ಡ ದ್ರೋಹವೆಂದರೆ ಅಪರಾಧಿ ಯಾರೆಂಬುದನ್ನು ಮೊದಲೇ ಹೇಳಿಬಿಡುವುದು. ನನಗೆ ಆ ದ್ರೋಹ ಮಾಡಿದವರು ಯಾರೆಂಬುದು ಇಂದಿಗೂ ಗೊತ್ತಿಲ್ಲ. ಅದು ಗ್ರಂಥಾಲಯದಿಂದ ತಂದಿದ್ದ, ರಟ್ಟು ಸಡಿಲವಾಗಿದ್ದ ಹಳೆಯ ಪ್ರತಿ. ವಜ್ರವೊಂದು ಕಳುವಾಗಿದೆಯೆಂಬ ಸುದ್ದಿ ಮನೆಯಲ್ಲೆಲ್ಲ ಹಬ್ಬುವ ಪುಟಕ್ಕೆ ಬಂದಾಗ, ಅಂಚಿನ ಖಾಲಿ ಜಾಗದಲ್ಲಿ ಯಾರೋ ಪೆನ್ಸಿಲಿನಿಂದ ಕಥೆಯೊಳಗಿನ ಒಬ್ಬರ ಹೆಸರನ್ನು ಬರೆದು, ಅದರ ಕೆಳಗೆ ಒತ್ತಿ ಎರಡು ಗೆರೆ ಎಳೆದಿದ್ದುದು ಕಣ್ಣಿಗೆ ಬಿತ್ತು. ಪುಸ್ತಕದ ಬಹುಪಾಲು ಇನ್ನೂ ಮುಂದೆಯೇ ಇತ್ತು. ಕೋಪದಿಂದ ಮುಚ್ಚಿಟ್ಟು ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ, ಯಾರೆಂಬುದು ಹೇಗೂ ತಿಳಿದುಹೋಯಿತು, ಹೇಗೆಂಬುದನ್ನಾದರೂ ನೋಡೋಣವೆಂದುಕೊಂಡು ಮತ್ತೆ ಕೈಗೆತ್ತಿಕೊಂಡೆ. ಹೀಗೆ ಗುಟ್ಟು ರಟ್ಟಾದ ಮೇಲೆ ಓದಿದ ಆ ಕಾದಂಬರಿಯ ಬಗ್ಗೆ ಒಬ್ಬ ಸಾಮಾನ್ಯ ಓದುಗನಾಗಿ ನನಗನ್ನಿಸಿದ್ದನ್ನು ಈ ಹೊತ್ತು ತಮ್ಮ ಮುಂದೆ ಇಡುತ್ತಿದ್ದೇನೆ. ನನಗಾದ ಅನ್ಯಾಯವನ್ನು ನಾನು ತಮಗೆ ಮಾಡುವುದಿಲ್ಲ. ಆ ಹೆಸರು ಈ ಭಾಷಣದಲ್ಲಿ ಎಲ್ಲಿಯೂ ಆ ರೂಪದಲ್ಲಿ ಹೊರಬೀಳುವುದಿಲ್ಲ.

ಕಾದಂಬರಿಯ ಹೆಸರು ‘ದಿ ಮೂನ್‌ಸ್ಟೋನ್’. ಬರೆದವರು ಇಂಗ್ಲೆಂಡಿನ ವಿಲ್ಕಿ ಕಾಲಿನ್ಸ್. 1868ರ ಜನವರಿಯಿಂದ ಆಗಸ್ಟಿನವರೆಗೆ, ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ‘ಆಲ್ ದ ಇಯರ್ ರೌಂಡ್’ ಎಂಬ ವಾರಪತ್ರಿಕೆಯಲ್ಲಿ ಇದು ಧಾರಾವಾಹಿಯಾಗಿ ಬಂತು. ಅದೇ ವರ್ಷ ಮೂರು ಸಂಪುಟಗಳ ಪುಸ್ತಕವೂ ಆಯಿತು. ಆಧುನಿಕ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಇದೇ ಮೊದಲನೆಯದು, ಇದೇ ಅತಿ ದೀರ್ಘವಾದುದು, ಇದೇ ಅತ್ಯುತ್ತಮವಾದುದು ಎಂದು ಕವಿ ಟಿ. ಎಸ್. ಎಲಿಯಟ್ ಮೆಚ್ಚಿ ಬರೆದದ್ದುಂಟು. ಮೊದಲನೆಯದೇ ಎಂಬುದನ್ನು ಒಪ್ಪದ ವಿದ್ವಾಂಸರಿದ್ದಾರೆ. ಉದ್ದದ ವಿಷಯದಲ್ಲಿ ಆಮೇಲಿನವರು ಇದನ್ನು ಎಂದೋ ಮೀರಿಸಿದ್ದಾರೆ. ಉಳಿದ ಮೂರನೆಯ ಮಾತಿನ ಬಗ್ಗೆ ಮಾತ್ರ ನನಗೆ ಆಸಕ್ತಿ.

ಕನ್ನಡದ ಓದುಗರು ಈ ಪುಸ್ತಕವನ್ನು ತೆರೆದ ಕೂಡಲೇ ಬೆಚ್ಚುತ್ತಾರೆ. ಏಕೆಂದರೆ ಈ ಇಂಗ್ಲಿಷ್ ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಲ್ಲ, ಶ್ರೀರಂಗಪಟ್ಟಣದಲ್ಲಿ. 1799ರ ಮೇ 4ರಂದು ಜನರಲ್ ಬೇರ್ಡ್‌ನ ನೇತೃತ್ವದಲ್ಲಿ ಕೋಟೆಗೆ ಲಗ್ಗೆಯಿಟ್ಟ ಇಂಗ್ಲಿಷ್ ಸೇನೆ ಒಳನುಗ್ಗುತ್ತದೆ. ಟಿಪ್ಪು ಸುಲ್ತಾನ ಹತನಾಗುತ್ತಾನೆ. ಸಂಜೆಯ ಹೊತ್ತಿಗೆ ಊರು ಸೂರೆಹೋಗುತ್ತಿರುತ್ತದೆ. ಇಷ್ಟು ಚರಿತ್ರೆ. ಇದರ ಮೇಲೆ ಕಾಲಿನ್ಸ್ ತನ್ನ ಕಲ್ಪನೆಯನ್ನು ಕಟ್ಟುತ್ತಾನೆ. ಸೋಮನಾಥದ ದೇವರ ಹಣೆಯಲ್ಲಿದ್ದ ಹಳದಿ ವಜ್ರವೊಂದು ಕೈಯಿಂದ ಕೈಗೆ ದಾಟಿ ಕೊನೆಗೆ ಟಿಪ್ಪುವಿನ ಶಸ್ತ್ರಾಗಾರದಲ್ಲಿ ಒಂದು ಕಠಾರಿಯ ಹಿಡಿಯನ್ನು ಸೇರಿರುತ್ತದೆ. ಅದನ್ನು ಕಾಯುವ ಹರಕೆ ಹೊತ್ತ ಮೂವರು ಬ್ರಾಹ್ಮಣರು ತಲೆಮಾರಿನಿಂದ ತಲೆಮಾರಿಗೆ ಅದರ ಬೆನ್ನು ಬಿಟ್ಟಿರುವುದಿಲ್ಲ. ಸುಲಿಗೆಯ ಆ ಗದ್ದಲದಲ್ಲಿ ಹರ್ನ್‌ಕಾಸಲ್ ಎಂಬ ಇಂಗ್ಲಿಷ್ ಅಧಿಕಾರಿಯನ್ನು ಅವನ ದಾಯಾದಿ ಶಸ್ತ್ರಾಗಾರದ ಬಾಗಿಲಲ್ಲಿ ನಿಂತು ನೋಡುತ್ತಾನೆ: ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ರಕ್ತ ತೊಟ್ಟಿಕ್ಕುವ ಕಠಾರಿ, ಕಾಲ ಬಳಿ ಸಾಯುತ್ತಿರುವ ಮನುಷ್ಯ, ಪಂಜಿನ ಬೆಳಕಿಗೆ ಹಿಡಿಯಲ್ಲಿ ಬೆಂಕಿಯಂತೆ ಮಿನುಗುವ ಕಲ್ಲು.

ಇಲ್ಲಿ ಒಂದು ಮಾತನ್ನು ನಡುವೆ ಸೇರಿಸಬೇಕು. ನಮ್ಮ ಕಾವ್ಯಗಳ ಚಂದ್ರಕಾಂತ ಶಿಲೆಯೆಂದರೆ ಬೆಳದಿಂಗಳು ತಾಕಿದೊಡನೆ ನೀರೊಸರುವ ಕಲ್ಲು. ಈ ಕಥೆಯ ಮೂನ್‌ಸ್ಟೋನ್ ಅದಲ್ಲ, ಅಪ್ಪಟ ವಜ್ರ. ಸೋಮನಾಥನೆಂದರೆ ನಮಗೆ ಸೋಮನಿಗೆ ನಾಥನಾದ ಶಿವ. ಕಾಲಿನ್ಸ್ ಚಂದ್ರನನ್ನೇ ನಾಲ್ಕು ಕೈಗಳ ದೇವರನ್ನಾಗಿ ಮಾಡಿ ಅಲ್ಲಿ ಕೂರಿಸಿದ್ದಾನೆ. ಭಾರತವನ್ನು ಕಾಣದೆ ಬರೆದವನ ತಪ್ಪೆಂದು ಇದನ್ನು ಎತ್ತಿ ಆಡಬಹುದು. ಆದರೆ ಈ ಮುನ್ನುಡಿಯಂಥ ಆರಂಭದಲ್ಲಿ ಅವನು ಮಾಡಿರುವ ಇನ್ನೊಂದು ಕೆಲಸದ ಮುಂದೆ ಆ ತಪ್ಪು ಹಗುರವೆನಿಸುತ್ತದೆ. ವಜ್ರವನ್ನು ಮೊಟ್ಟಮೊದಲು ಕದ್ದವನು ಯಾರು, ಅದಕ್ಕಾಗಿ ಕೊಲೆ ಮಾಡಿದವನು ಯಾರು ಎಂಬುದನ್ನು ಮೊದಲ ಕೆಲವು ಪುಟಗಳಲ್ಲೇ, ಯಾವ ಮುಚ್ಚುಮರೆಯೂ ಇಲ್ಲದೆ, ಹೇಳಿಬಿಟ್ಟು, ಆಮೇಲೆ ನೂರಾರು ಪುಟಗಳ ತನಕ ಎರಡನೆಯ ಕಳ್ಳತನದ ಹಿಂದೆ ನಮ್ಮನ್ನು ಓಡಿಸುತ್ತಾನೆ. ಇಡೀ ಕಾದಂಬರಿಯಲ್ಲಿ ಯಾರೂ ಮೊದಲ ಕಳ್ಳತನದ ವಿಚಾರಣೆ ನಡೆಸುವುದಿಲ್ಲ. ಅದನ್ನು ಪತ್ತೆ ಮಾಡಲು ಯಾವ ಪತ್ತೇದಾರನೂ ಲಂಡನ್ನಿನಿಂದ ಬರುವುದಿಲ್ಲ.

ಎರಡನೆಯದಕ್ಕೆ ಬರುತ್ತಾರೆ. 1848ರ ಜೂನ್ 21ರಂದು ಯಾರ್ಕ್‌ಷೈರಿನ ಕಡಲಂಚಿನ ಮನೆಯೊಂದರಲ್ಲಿ ರೇಚಲ್ ವೆರಿಂಡರ್ ಎಂಬ ಯುವತಿಯ ಹದಿನೆಂಟನೆಯ ಹುಟ್ಟುಹಬ್ಬ. ಹರ್ನ್‌ಕಾಸಲ್ ಅವಳ ಸೋದರಮಾವ. ಸಾಯುವಾಗ ಆ ವಜ್ರವನ್ನು ಅವಳಿಗೆ ಉಯಿಲು ಬರೆದಿಟ್ಟಿದ್ದಾನೆ, ಪ್ರೀತಿಯಿಂದಲೋ ಸೇಡಿನಿಂದಲೋ ಎಂಬುದು ಮನೆಯವರಿಗೇ ತಿಳಿಯದು. ಅದನ್ನು ತಂದು ಒಪ್ಪಿಸುವ ಹೊಣೆ ಫ್ರಾಂಕ್ಲಿನ್ ಬ್ಲೇಕ್ ಎಂಬ ಬಂಧುವಿನದು. ಆ ರಾತ್ರಿ ಅವಳು ಅದನ್ನು ಧರಿಸಿ ಊಟಕ್ಕೆ ಕೂರುತ್ತಾಳೆ, ಆಮೇಲೆ ತನ್ನ ಕೋಣೆಯ ಕಪಾಟಿನಲ್ಲಿಡುತ್ತಾಳೆ. ಬೆಳಗಾದಾಗ ಕಪಾಟು ಖಾಲಿ.

ಈ ಕಾದಂಬರಿಯ ಶಕ್ತಿ ಎಲ್ಲಿದೆಯೆಂದು ನನ್ನನ್ನು ಕೇಳಿದರೆ ನಾನು ವಜ್ರವನ್ನು ತೋರಿಸುವುದಿಲ್ಲ, ಒಂದು ಬಾಗಿಲನ್ನು ತೋರಿಸುತ್ತೇನೆ. ರೇಚಲ್ ಮತ್ತು ಫ್ರಾಂಕ್ಲಿನ್ ಕೂಡಿ ಅವಳ ಕೋಣೆಯ ಬಾಗಿಲಿಗೆ ಬಣ್ಣದ ಚಿತ್ತಾರ ಬಿಡಿಸಿರುತ್ತಾರೆ. ಬೀಗದ ಕೆಳಗೆ ಒಂದು ಕಡೆ ಆ ಬಣ್ಣ ಒರೆಸಿದಂತಾಗಿದೆ. ಮೊದಲು ಬಂದ ಸ್ಥಳೀಯ ಪೊಲೀಸ್ ಅಧಿಕಾರಿ ಅದನ್ನು ಕಂಡು, ಬೆಳಿಗ್ಗೆ ಹನ್ನೊಂದಕ್ಕೆ ಒಳಗೆ ನುಗ್ಗಿದ ಕೆಲಸದ ಹೆಂಗಸರ ಲಂಗ ತಾಗಿ ಹೀಗಾಗಿದೆ, ಇದೊಂದು ಕ್ಷುಲ್ಲಕ ಸಂಗತಿ ಎಂದು ತಳ್ಳಿಹಾಕಿರುತ್ತಾನೆ. ಲಂಡನ್ನಿನಿಂದ ಬಂದ ಸಾರ್ಜೆಂಟ್ ಕಫ್, ಈ ಕೊಳಕು ಲೋಕದ ಅತಿ ಕೊಳಕು ದಾರಿಗಳಲ್ಲೆಲ್ಲ ಓಡಾಡಿದ್ದರೂ ಕ್ಷುಲ್ಲಕವೆಂಬ ವಸ್ತುವನ್ನು ತಾನು ಇನ್ನೂ ಎಲ್ಲಿಯೂ ಕಂಡಿಲ್ಲವೆಂದು ತಣ್ಣಗೆ ಹೇಳಿ, ಲೆಕ್ಕಕ್ಕೆ ಕೂರುತ್ತಾನೆ. ಆ ಜಾಗಕ್ಕೆ ಕೊನೆಯದಾಗಿ ಬಣ್ಣ ಹಚ್ಚಿದ್ದು ಯಾವಾಗ? ಬುಧವಾರ ಮಧ್ಯಾಹ್ನ ಮೂರಕ್ಕೆ. ಅದು ಒಣಗಲು ಎಷ್ಟು ಹೊತ್ತು ಬೇಕು? ಹನ್ನೆರಡು ಗಂಟೆ. ಹಾಗಾದರೆ ಗುರುವಾರ ಬೆಳಗಿನ ಜಾವ ಮೂರಕ್ಕೆಲ್ಲ ಬಣ್ಣ ಒಣಗಿತ್ತು. ಹನ್ನೊಂದಕ್ಕೆ ಬಂದವರ ಲಂಗಕ್ಕೆ ಅದು ಅಂಟುವ ಮಾತೇ ಇಲ್ಲ. ನಡುರಾತ್ರಿ ಹನ್ನೆರಡಕ್ಕೆ ಅದು ಕೆಟ್ಟಿರಲಿಲ್ಲವೆಂಬುದಕ್ಕೆ ಮನೆಯ ಕೆಲಸದ ಹುಡುಗಿಯೇ ಸಾಕ್ಷಿ. ಅಂದಮೇಲೆ ಹನ್ನೆರಡರಿಂದ ಮೂರರ ನಡುವೆ ಯಾರೋ ಆ ಬಾಗಿಲನ್ನು ದಾಟಿದ್ದಾರೆ, ಅವರ ಬಟ್ಟೆಗೆ ಬಣ್ಣ ಅಂಟಿದೆ, ಆ ಬಟ್ಟೆ ಈ ಮನೆಯಲ್ಲೇ ಎಲ್ಲೋ ಇದೆ.

ಈ ಭಾಗವನ್ನು ನಾನು ಮೂರು ಸಲ ಓದಿದೆ. ಅಂಚಿನ ಹೆಸರು ಮನಸ್ಸಿನಲ್ಲಿ ಕೂತಿದ್ದರೂ ಕುತೂಹಲ ಒಂದಿಷ್ಟೂ ತಗ್ಗಿರಲಿಲ್ಲ. ಯೋಚಿಸಿದಾಗ ಕಾರಣ ಹೊಳೆಯಿತು. ನನಗೆ ತಿಳಿದಿದ್ದದ್ದು ಒಂದು ಹೆಸರು ಮಾತ್ರ. ಕಫ್‌ಗೆ ತಿಳಿಯಬೇಕಾಗಿದ್ದದ್ದು ಬಣ್ಣ ಅಂಟಿದ ಒಂದು ತುಂಡು ಬಟ್ಟೆ ಎಲ್ಲಿದೆಯೆಂಬುದು. ಹೆಸರು ತಿಳಿದವರಿಗೂ ಬಟ್ಟೆ ಸಿಕ್ಕಿರುವುದಿಲ್ಲ.

ಕಫ್‌ನನ್ನು ಕಾಲಿನ್ಸ್ ಚಿತ್ರಿಸಿರುವ ಬಗೆಯೂ ರುಚಿಯಾಗಿದೆ. ಒಣಕಲು ಮೈ, ಕೊಡಲಿಯ ಅಲಗಿನಂಥ ಮುಖ, ಪಾದ್ರಿಯಂತೆ ಕಪ್ಪು ಉಡುಪು. ಬಂದವನೇ ಕಳುವಿನ ವಿಷಯ ಬಿಟ್ಟು ತೋಟಕ್ಕೆ ನಡೆದು, ಗುಲಾಬಿ ಪಾತಿಗಳ ನಡುವಿನ ದಾರಿಗೆ ಜಲ್ಲಿ ಹಾಕಬಾರದು, ಹುಲ್ಲು ಬೆಳೆಸಬೇಕು ಎಂದು ಆಕ್ಷೇಪಿಸುತ್ತಾನೆ. ತೋಟಗಾರನೊಡನೆ ಗುಲಾಬಿಯ ತಳಿಗಳ ಬಗ್ಗೆ ಹಟ ಹಿಡಿದು ವಾದಿಸುತ್ತಾನೆ. ಆಮೇಲಿನ ಎಷ್ಟೋ ಪತ್ತೇದಾರರಿಗೆ ಅಂಟಿಕೊಂಡ ವಿಲಕ್ಷಣ ಹವ್ಯಾಸಗಳೆಲ್ಲ ಇವನ ಗುಲಾಬಿ ತೋಟದಿಂದಲೇ ಮೊಳೆತವೇನೋ ಎನಿಸುತ್ತದೆ. ಆದರೆ ಆ ಆಮೇಲಿನವರಿಗೆ ಇಲ್ಲದ ಒಂದು ಗುಣ ಇವನಿಗಿದೆ: ಇವನು ತಪ್ಪುತ್ತಾನೆ. ತಪ್ಪಿದ್ದನ್ನು ಒಪ್ಪಿಕೊಳ್ಳುತ್ತಾನೆ. ಪತ್ತೇದಾರರು ತಪ್ಪೇ ಮಾಡದಿರುವುದು ಪುಸ್ತಕಗಳಲ್ಲಿ ಮಾತ್ರ ಎಂದು ಪುಸ್ತಕದೊಳಗೇ ನಿಂತು ಹೇಳುತ್ತಾನೆ.

ಇದಕ್ಕೆಲ್ಲ ನಿಜಜೀವನದ ನೆರಳೊಂದಿದೆ. 1860ರಲ್ಲಿ ಇಂಗ್ಲೆಂಡಿನ ರೋಡ್ ಎಂಬ ಹಳ್ಳಿಯ ಸಿರಿವಂತರ ಮನೆಯೊಂದರಲ್ಲಿ ಪುಟ್ಟ ಮಗುವಿನ ಕೊಲೆಯಾಯಿತು. ಲಂಡನ್ನಿನಿಂದ ಬಂದ ಇನ್‌ಸ್ಪೆಕ್ಟರ್ ಜೊನಾಥನ್ ವಿಚರ್, ಮನೆಯ ಬಟ್ಟೆಗಳ ಲೆಕ್ಕದಲ್ಲಿ ರಾತ್ರಿಯುಡುಪೊಂದು ಕಡಿಮೆಯಾಗಿರುವುದನ್ನು ಹಿಡಿದು, ಮಗುವಿನ ಮಲಅಕ್ಕನಾದ ಹದಿನಾರರ ಹುಡುಗಿ ಕಾನ್‌ಸ್ಟನ್ಸ್ ಕೆಂಟ್‌ಳ ಮೇಲೆ ಸಂಶಯ ತಾಳಿದ. ಬಟ್ಟೆ ಸಿಗಲಿಲ್ಲ; ಆರೋಪ ನಿಲ್ಲಲಿಲ್ಲ; ಗೌರವಸ್ಥರ ಮನೆಯ ಮಗಳ ಮೇಲೆ ಕೈಯಿಟ್ಟನೆಂದು ಪತ್ರಿಕೆಗಳೂ ಜನರೂ ಅವನನ್ನೇ ಹಳಿದರು. 1865ರಲ್ಲಿ ಅವಳು ತಾನೇ ಮುಂದೆ ಬಂದು ತಪ್ಪೊಪ್ಪಿಕೊಂಡಳು. ಕಾಲಿನ್ಸ್ ಕೊಲೆಯನ್ನು ಕಳ್ಳತನವಾಗಿಯೂ ರಕ್ತವನ್ನು ಬಣ್ಣವಾಗಿಯೂ ಬದಲಿಸಿಕೊಂಡು, ಅಗಸಗಿತ್ತಿಗೆ ಬಟ್ಟೆ ಹಾಕುವ ಲೆಕ್ಕದ ಪುಸ್ತಕವನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದಾನೆ. ಕೊಳೆ ಬಟ್ಟೆಯ ಪಟ್ಟಿಯೊಂದು ದೊಡ್ಡ ಮನೆತನವನ್ನು ನಡುಗಿಸಬಲ್ಲದೆಂಬುದು ಅವನ ಕಾಲದ ಓದುಗರಿಗೆ ಕಥೆಯಾಗಿರಲಿಲ್ಲ, ಪತ್ರಿಕೆಯಲ್ಲಿ ಓದಿ ಮರೆಯದ ಸುದ್ದಿಯಾಗಿತ್ತು.

ಕಥೆಯನ್ನು ಹೇಳಿಸಿರುವ ಕ್ರಮ ಇನ್ನೂ ಚೆನ್ನಾಗಿದೆ. ಇಲ್ಲಿ ಎಲ್ಲವನ್ನೂ ಬಲ್ಲ ಲೇಖಕನ ದನಿಯಿಲ್ಲ. ಕಳುವಾದ ಎರಡು ವರ್ಷಗಳ ಮೇಲೆ ಒಬ್ಬೊಬ್ಬರೇ ಕುಳಿತು ಬರೆಯುತ್ತಾರೆ. ತಾನು ಕಣ್ಣಾರೆ ಕಂಡದ್ದನ್ನು, ಕಂಡಷ್ಟನ್ನೇ, ಬರೆಯಬೇಕೆಂಬುದು ಕಟ್ಟಳೆ. ಮೊದಲು ಲೇಖನಿ ಹಿಡಿಯುವವನು ಮನೆಯ ವಾರ್ತೆ ನೋಡಿಕೊಳ್ಳುವ ಎಪ್ಪತ್ತು ದಾಟಿದ ನೌಕರ ಬೆಟರೆಜ್. ‘ರಾಬಿನ್ಸನ್ ಕ್ರೂಸೋ’ ಅವನ ಪಾಲಿಗೆ ಬರಿಯ ಕಥೆಪುಸ್ತಕವಲ್ಲ. ಸಂಕಟ ಬಂದಾಗ ತೆರೆದು ಶಕುನ ಕೇಳುವ ಗ್ರಂಥ. ಓದಿ ಓದಿ ಆರು ಪ್ರತಿಗಳನ್ನು ಸವೆಸಿ ಏಳನೆಯದಕ್ಕೆ ಕೈಹಾಕಿದ್ದಾನೆ. ಒಡತಿಯ ಮನೆಯ ಮಾನ ಹರಾಜಾಗುತ್ತಿದೆಯೆಂದು ಸಂಕಟಪಡುತ್ತಲೇ, ಮುಂದೇನಾಗುವುದೋ ನೋಡುವ ಚಪಲವನ್ನು ತಡೆಯಲಾರದೆ ಕಫ್‌ನ ಹಿಂದೆ ಹಿಂದೆ ಹೋಗುವ ಈ ಮುದುಕ, ಹೊಟ್ಟೆಯಲ್ಲಿ ಕಾವು, ನೆತ್ತಿಯಲ್ಲಿ ಬಡಿತ, ಇದು ಪತ್ತೇದಾರಿ ಜ್ವರ ಎಂದು ತನ್ನ ರೋಗಕ್ಕೆ ತಾನೇ ಹೆಸರಿಡುತ್ತಾನೆ. ಓದುವವರಿಗೂ ಆ ಹೊತ್ತಿಗೆ ಅದೇ ಜ್ವರ ಬಂದಿರುತ್ತದೆ.

ಎರಡನೆಯ ಸಾಕ್ಷಿ ಮಿಸ್ ಕ್ಲಾಕ್ ಎಂಬ ಬಡ ಬಂಧು, ಧರ್ಮಬೋಧೆಯ ಕಿರುಹೊತ್ತಿಗೆಗಳನ್ನು ಕಂಡವರ ಮನೆಯ ಸಂದುಗೊಂದುಗಳಲ್ಲೆಲ್ಲ ಅಡಗಿಸಿಟ್ಟು ಬರುವ ಹೆಂಗಸು. ಪರದೆಯ ಹಿಂದೆ ನಿಂತು ಪರರ ಮಾತು ಕದ್ದು ಕೇಳಿದ್ದನ್ನು ಅವಳು ದೇವರ ಸಂಕಲ್ಪವೆಂಬಂತೆ ಬರೆಯುತ್ತಾಳೆ. ಇವಳ ಭಾಗ ನಗೆಯುಕ್ಕಿಸುತ್ತದೆ, ಆದರೆ ಅಳತೆ ಮೀರಿದೆ. ಒಂದೇ ನಗೆಯನ್ನು ಹತ್ತು ಸಲ ನಗಿಸಲು ಹೊರಟ ಹಾಗಾಗಿದೆ. ವಾರವಾರವೂ ಕಂತು ತುಂಬಿಸಬೇಕಾದ ಲೇಖಕನ ಕಷ್ಟ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ಆ ದಿನಗಳಲ್ಲಿ ಕಾಲಿನ್ಸ್‌ನ ತಾಯಿ ಮರಣಶಯ್ಯೆಯಲ್ಲಿದ್ದರು. ಅವನೂ ಕೀಲುನೋವಿನಿಂದ ಹಾಸಿಗೆ ಹಿಡಿದಿದ್ದು, ಕೆಲವು ಭಾಗಗಳನ್ನು ಮಲಗಿದ್ದಲ್ಲಿಂದಲೇ ಹೇಳಿ ಬರೆಸಿದ. ಅದನ್ನು ತಿಳಿದ ಮೇಲೆ ನನ್ನ ದೂರು ಮೆತ್ತಗಾಯಿತು, ಆದರೂ ಹಿಂದೆಗೆದುಕೊಳ್ಳಲಾರೆ.

ಇನ್ನೊಂದು ದೂರಿದೆ. ರೇಚಲ್ ಒಂದು ವಾಕ್ಯ ಬಾಯಿಬಿಟ್ಟಿದ್ದರೆ ಈ ಕಾದಂಬರಿ ಮೊದಲ ಸಂಪುಟದಲ್ಲೇ ಮುಗಿಯುತ್ತಿತ್ತು. ವಜ್ರ ಕಳೆದುಕೊಂಡವಳೇ ತನಿಖೆಗೆ ಅಡ್ಡ ನಿಲ್ಲುತ್ತಾಳೆ, ಪೊಲೀಸರನ್ನು ಕಂಡರೆ ಸಿಡಿಯುತ್ತಾಳೆ, ಕಾರಣ ಹೇಳುವುದಿಲ್ಲ. ಮೊದಲ ಓದಿನಲ್ಲಿ ಇದು ಕಥೆಯನ್ನು ಎಳೆಯಲು ಮಾಡಿದ ಹೂಟವೆಂದೇ ಎಣಿಸಿದೆ. ಮುಗಿಸಿದ ಮೇಲೆ ಹಿಂತಿರುಗಿ ಅವಳಾಡಿದ ಮಾತುಗಳನ್ನಷ್ಟೇ ಓದಿಕೊಂಡು ಹೋದಾಗ, ಆ ಮೌನದೊಳಗೆ ಎಷ್ಟು ನೋವು ತುಂಬಿದೆಯೆಂಬುದು ತಿಳಿಯಿತು. ಮೊದಲ ಸಲ ಹಟಮಾರಿಯಾಗಿ ಕಂಡವಳು ಎರಡನೆಯ ಸಲ ಬೇರೊಬ್ಬಳೇ ಆಗಿದ್ದಳು. ಈ ದೂರನ್ನು ಮಾತ್ರ ಹಿಂದೆಗೆದುಕೊಳ್ಳುತ್ತೇನೆ.

ಆದರೆ ನನ್ನ ಮನಸ್ಸಿನಲ್ಲಿ ಉಳಿದವಳು ರೇಚಲ್ ಅಲ್ಲ, ರೋಸಾನಾ. ಹಿಂದೆ ಕಳ್ಳತನ ಮಾಡಿ ಶಿಕ್ಷೆ ಅನುಭವಿಸಿ, ತಿದ್ದಿಕೊಂಡು ಈ ಮನೆಗೆ ಕೆಲಸಕ್ಕೆ ಸೇರಿದವಳು. ಒಂದು ಹೆಗಲು ಇನ್ನೊಂದಕ್ಕಿಂತ ದೊಡ್ಡದು. ಯಾರೂ ಎರಡನೆಯ ಸಲ ತಿರುಗಿ ನೋಡದವಳು. ಮನೆಯ ಹಿಂದಿನ ಕಡಲ ದಂಡೆಯಲ್ಲಿ, ಭರತ ತಿರುಗುವ ಹೊತ್ತಿಗೆ ಮೇಲ್ಮೈಯೆಲ್ಲ ನಡುಗುವ ಒಂದು ಹುದುಲು ಮರಳಿದೆ. ಬಿದ್ದದ್ದನ್ನು ಮರಳಿ ಕೊಡದ ಆ ಮರಳಿನ ಬಳಿ ಹೋಗಿ ಕುಳಿತುಕೊಳ್ಳುವುದು ಅವಳ ಅಭ್ಯಾಸ. ಕಳ್ಳತನವಾದ ಮನೆಯಲ್ಲಿ ಹಳೆಯ ಕಳ್ಳಿಯಿದ್ದರೆ ಸಂಶಯ ಯಾರ ಮೇಲೆ ಹೋಗುತ್ತದೆಂದು ಬೇರೆ ಹೇಳಬೇಕೆ? ಅವಳು ಬರೆದಿಟ್ಟ ಒಂದು ಪತ್ರ ತೀರ ತಡವಾಗಿ ತಲಪಬೇಕಾದವರನ್ನು ತಲಪುತ್ತದೆ. ಅದನ್ನು ಕಾಪಾಡಿಕೊಂಡು ಬಂದ ಅವಳ ಗೆಳತಿ ಲೂಸಿ, ಬೆಸ್ತರ ಮನೆಯ ಕುಂಟಿ ಹುಡುಗಿ, ಬಡವರು ಶ್ರೀಮಂತರ ಮೇಲೆ ತಿರುಗಿಬೀಳುವ ದಿನ ದೂರವಿಲ್ಲ ಎಂದು ಬೆಟರೆಜ್‌ನ ಮುಖಕ್ಕೇ ಹೇಳುತ್ತಾಳೆ. ವಿನೋದದಿಂದ ಸಾಗುತ್ತಿದ್ದ ಕಥೆ ಆ ಮಾತಿನ ಮುಂದೆ ಒಂದು ಗಳಿಗೆ ಉಸಿರು ಹಿಡಿಯುತ್ತದೆ. ಎಲ್ಲರೂ ವಜ್ರವನ್ನು ಹುಡುಕುತ್ತಿದ್ದಾಗ ಈ ಹುಡುಗಿಯನ್ನು ಯಾರೂ ನೋಡಲಿಲ್ಲವಲ್ಲ ಎಂಬ ಕೊರಗು, ಓದುಗನಾದ ನನ್ನನ್ನೂ ಸೇರಿಸಿಕೊಂಡೇ, ಚುಚ್ಚುತ್ತದೆ. ನಾನೂ ಅಂಚಿನ ಹೆಸರಿನ ಹಿಂದೆಯೇ ಬಿದ್ದಿದ್ದೆ.

ಕೊನೆಯ ಭಾಗದಲ್ಲಿ ಎಜ್ರಾ ಜೆನಿಂಗ್ಸ್ ಎಂಬ ವೈದ್ಯನ ಸಹಾಯಕ ಬರುತ್ತಾನೆ. ಜ್ವರದಲ್ಲಿ ಕನವರಿಸುವ ರೋಗಿಯ ಬಾಯಿಂದ ಉದುರಿದ ಬಿಡಿ ಮಾತುಗಳನ್ನು ಎಡೆಬಿಟ್ಟು ಬರೆದುಕೊಂಡು, ಆ ಖಾಲಿ ಎಡೆಗಳಲ್ಲಿ ಇರಬೇಕಾದ ಮಾತು ಯಾವುದೆಂದು ಊಹಿಸಿ ತುಂಬಿಸಿ, ಅರ್ಥವುಳ್ಳ ವಾಕ್ಯಗಳನ್ನು ಅವನು ಹೊರತೆಗೆಯುತ್ತಾನೆ. ಹಳೆಗನ್ನಡದ ಸವೆದ ಶಾಸನವೊಂದರ ಅಳಿಸಿಹೋದ ಅಕ್ಷರಗಳನ್ನು ತುಂಬಿಸುವವರ ತಾಳ್ಮೆ ಅಲ್ಲಿ ನೆನಪಾಯಿತು. ಅದರ ಮೇಲೆ ನಡೆಯುವ ಒಂದು ಪ್ರಯೋಗ ಮಾತ್ರ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ವೈದ್ಯಗ್ರಂಥಗಳನ್ನು ನೋಡಿ, ಬಲ್ಲವರನ್ನು ಕೇಳಿಯೇ ಬರೆದಿದ್ದೇನೆಂದು ಲೇಖಕ ಮುನ್ನುಡಿಯಲ್ಲಿ ಭರವಸೆ ಕೊಡುತ್ತಾನೆ, ಇದ್ದರೂ ಇರಬಹುದು. ಓದುವಾಗ ನಂಬಿದೆ, ಪುಸ್ತಕ ಮುಚ್ಚಿದ ಮೇಲೆ ನಂಬಲಿಲ್ಲ.

ಆ ಮೂವರು ಬ್ರಾಹ್ಮಣರ ವಿಷಯ ಹೇಳದೆ ಮುಗಿಸುವಂತಿಲ್ಲ. ಬೆಟರೆಜ್‌ನ ಕಣ್ಣಿಗೆ ಅವರು ಗಾರುಡಿಗರ ವೇಷದಲ್ಲಿ ಸುಳಿದಾಡುವ ಠಕ್ಕರು. 1857ರ ದಂಗೆಯಾಗಿ ಹನ್ನೊಂದೇ ವರ್ಷವಾಗಿದ್ದ ಇಂಗ್ಲೆಂಡಿನಲ್ಲಿ ಓದುಗರ ಭಾವನೆಯೂ ಅದೇ ಇದ್ದೀತು. ಕಾಲಿನ್ಸ್ ಅವರನ್ನು ಸಾಧುಗಳನ್ನಾಗಿಯೇನೂ ಮಾಡಿಲ್ಲ. ಅವರು ಕೊಲ್ಲಲು ಹೇಸುವವರಲ್ಲ. ಆದರೆ ಇಡೀ ಕಥೆಯಲ್ಲಿ ಆ ಕಲ್ಲನ್ನು ಹಣಕ್ಕಾಗಿಯಾಗಲಿ ಒಡವೆಯಾಗಿಯಾಗಲಿ ಬಯಸದವರು ಅವರು ಮಾತ್ರವೆಂಬುದನ್ನೂ, ಅದಕ್ಕಾಗಿ ಅವರು ತಮ್ಮ ಜಾತಿಯನ್ನೇ ಕಳೆದುಕೊಂಡಿದ್ದಾರೆಂಬುದನ್ನೂ ಅವನು ಮರೆಮಾಡುವುದಿಲ್ಲ. ಕೊನೆಯ ಕೆಲವು ಪುಟಗಳು ಯಾರ್ಕ್‌ಷೈರನ್ನೂ ಲಂಡನ್ನನ್ನೂ ಬಿಟ್ಟು ಎಲ್ಲಿಗೆ ಹೋಗುತ್ತವೆಂಬುದನ್ನು ತಾವೇ ಓದಿ ನೋಡಬೇಕು. ಶ್ರೀರಂಗಪಟ್ಟಣದ ಆ ಸಂಜೆ ತೆರೆದಿಟ್ಟ ಲೆಕ್ಕವನ್ನು ಲೇಖಕ ಮರೆತಿರಲಿಲ್ಲವೆಂಬುದು ಅಲ್ಲಿ ಗೊತ್ತಾಗುತ್ತದೆ.

ಇನ್ನು ಅಂಚಿನ ಹೆಸರಿನ ಸಂಗತಿ. ಪುಸ್ತಕದ ಮುಕ್ಕಾಲು ಭಾಗ ದಾಟಿದ ಮೇಲೆ ನನಗೆ ಒಂದು ಅನುಮಾನ ಹುಟ್ಟಿತು. ಆ ಹೆಸರು ಸುಳ್ಳಾಗಿರಲಿಲ್ಲ. ಆದರೆ ಅದು ಉತ್ತರವೂ ಆಗಿರಲಿಲ್ಲ. ಬಾಗಿಲಿನ ಬಣ್ಣವನ್ನು ಲೆಕ್ಕ ಹಾಕಿದ ಕಫ್‌ನನ್ನು ನೆನೆದುಕೊಂಡು ನಾನೂ ಪುಟಗಳನ್ನು ಹಿಂದಕ್ಕೆ ತಿರುವುತ್ತ ಪೆನ್ಸಿಲಿನ ಗುರುತುಗಳನ್ನು ಹುಡುಕಿದೆ. ಮೊದಲಿನಿಂದ ಅಲ್ಲಲ್ಲಿ ಸಾಲುಗಳ ಕೆಳಗೆ ಗೆರೆಗಳಿದ್ದವು, ಅದೇ ಮೊಂಡು ಪೆನ್ಸಿಲು, ಅದೇ ಒತ್ತು. ಮೂರರಲ್ಲಿ ಎರಡು ಪಾಲಿನ ಹತ್ತಿರ, ಕಥೆಯ ಅತಿ ದೊಡ್ಡ ಅಚ್ಚರಿಯೊಂದು ಸಿಡಿಯುವ ಪುಟದಲ್ಲಿ, ಎರಡೆರಡು ಗೆರೆ. ಅದರಾಚೆಗೆ ಒಂದೂ ಇರಲಿಲ್ಲ. ಆ ಮಹಾಶಯರು ಅಲ್ಲಿಗೆ ಎಲ್ಲವೂ ತಿಳಿದುಹೋಯಿತೆಂದು ನಂಬಿ, ಹಿಂದಕ್ಕೆ ಹೋಗಿ ಕಳುವಿನ ಪುಟದಲ್ಲಿ ಹೆಸರು ಬರೆದು, ಪುಸ್ತಕವನ್ನು ಮರಳಿಸಿಬಿಟ್ಟಿದ್ದರು.

ಮರಳಿಸುವ ಮುನ್ನ ನಾನು ರಬ್ಬರು ಹಿಡಿದು ಆ ಪುಟವನ್ನು ತೆರೆದೆ. ಸ್ವಲ್ಪ ಹೊತ್ತು ನೋಡಿ, ಅಳಿಸದೆ ಮುಚ್ಚಿದೆ. ಮುಂದಿನ ಓದುಗರೂ ಕೋಪಿಸಿಕೊಂಡು, ಎರಡು ದಿನ ಬಿಟ್ಟು, ಆ ಹೆಸರನ್ನು ನಂಬಿಕೊಂಡೇ ಓದಲಿ.